ತಟಸ್ಥನ ಸಾಕ್ಷ್ಯ

ತಟಸ್ಥನೆಂದರೆ ಪಕ್ಷಪಾತವಿಲ್ಲದವನು, ಇಬ್ಬರ ವ್ಯಾಜ್ಯದಲ್ಲಿ ಯಾರ ಕಡೆಗೂ ಸೇರದವನು ಎಂಬ ಅರ್ಥವು ಲೋಕಪ್ರಸಿದ್ಧವಾಗಿದೆ. ಪದವನ್ನು ಬಿಡಿಸಿ ನೋಡಿದರೆ ತಟದಲ್ಲಿ, ಎಂದರೆ ದಡದಲ್ಲಿ, ನಿಂತಿರುವವನೆಂಬಷ್ಟೇ ಅರ್ಥವು. ಹೊಳೆಯ ಸೆಳವಿಗೆ ಸಿಕ್ಕಿದವನಿಗೆ ನೀರಿನ ವೇಗವನ್ನು ಅಳೆಯಲು ವ್ಯವಧಾನವೆಲ್ಲಿಯದು? ದಡದಲ್ಲಿ ನಿಂತವನಿಗೆ ಅದು ಕಾಣುತ್ತದೆ. ಈ ದೃಷ್ಟಾಂತದಿಂದಲೇ ಮೊದಲನೆಯ ಅರ್ಥವು ಹುಟ್ಟಿರಬೇಕು. ಸಮುದ್ರದ ತಟದಲ್ಲಿಯೇ ಬಾಳುವ ಕೋಟೇಶ್ವರ, ಕುಂದಾಪುರ, ಬೈಂದೂರುಗಳ ಜನರೆಲ್ಲರೂ ಅಕ್ಷರಾರ್ಥದಿಂದ ತಟಸ್ಥರೇ; ಭಾವಾರ್ಥದಿಂದಲೂ ಹಾಗೆಯೇ ಎಂದು ಹೇಳುವ ಧೈರ್ಯವು ಈ ಸೀಮೆಯ ಗ್ರಾಮಕಲಹಗಳನ್ನು ಬಲ್ಲ ಯಾರಿಗೂ ಬರಲಾರದು.

ಈ ಎರಡು ಅರ್ಥಗಳೂ ಒಂದೆಡೆ ಕೂಡಿಕೊಂಡಿರುವ ವೃತ್ತಿಯೊಂದು ಈಗ ಲೋಕದಲ್ಲಿದೆ. ಕಡಲ ತಡಿಯಲ್ಲಿ ನಿಂತು, ನೀರಿನ ಮೇಲಿನಿಂದ ಬೀಸಿ ಬರುವ ಗಾಳಿಯನ್ನು ಗಾಜಿನ ಕುಪ್ಪಿಯಲ್ಲಿ ಹಿಡಿದು, ಭೂಮಿಯ ತಾಪವನ್ನು ಹೊರಹೋಗಗೊಡದೆ ತಡೆಯುವ ಅನಿಲಗಳು ಅದರಲ್ಲಿ ಎಷ್ಟೆಷ್ಟಿವೆಯೆಂದು ಅಳೆಯುವುದೇ ಆ ವೃತ್ತಿಯು. ಹಳೆಯ ಪಾಠಪುಸ್ತಕಗಳು ಅಂಗಾರಾಮ್ಲವಾಯುವೆಂದು ಕರೆಯುತ್ತಿದ್ದ ಇಂಗಾಲದ ಡೈಆಕ್ಸೈಡು ಇವುಗಳಲ್ಲಿ ಮುಖ್ಯವಾದುದು, ಮೀಥೇನು ಎರಡನೆಯದು. ಊರೊಳಗಿನ ಗಾಳಿಯನ್ನು ಅಳೆದರೆ ಒಲೆ, ಬಸ್ಸು, ಹಟ್ಟಿ, ಹಂಚಿನ ಕಾರ್ಖಾನೆಗಳ ಲೆಕ್ಕವು ಸಿಕ್ಕುತ್ತದೆಯೇ ಹೊರತು ಭೂಮಂಡಲದ ಲೆಕ್ಕವು ಸಿಕ್ಕದು. ಸಾವಿರಾರು ಮೈಲಿ ನೀರಿನ ಮೇಲೆ ಯಾವ ಊರನ್ನೂ ಮುಟ್ಟದೆ ಬಂದ ಗಾಳಿಯಲ್ಲಿ ಎಲ್ಲ ಊರುಗಳ ಹೊಗೆಯೂ ಕಲಸಿ ಏಕವಾಗಿರುತ್ತದೆ. ಆ ಏಕವಾದ ಪ್ರಮಾಣವನ್ನು ಶಾಸ್ತ್ರಜ್ಞರು ಹಿನ್ನೆಲೆಯ ಪ್ರಮಾಣವೆನ್ನುತ್ತಾರೆ.

ಗಾಳಿಗೆ ಎರಡು ಮುಖಗಳಿವೆಯೆಂಬುದು ಈ ಕರಾವಳಿಯವರಿಗೆ ಹೊಸ ಸಂಗತಿಯಲ್ಲ. ಇರುಳು ನೆಲದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಹಾಯಿದೋಣಿಗಳು ಮುಂಜಾನೆ ಹೊರಟು, ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದುವು. ದಿನದಲ್ಲಿ ನಡೆಯುವ ಈ ಹೊರಳಾಟವೇ ವರ್ಷದಲ್ಲಿ ದೊಡ್ಡದಾಗಿ ನಡೆಯುತ್ತದೆ. ಆಷಾಢ ಶ್ರಾವಣಗಳಲ್ಲಿ ಕೋಡಿಯ ಮರಳಿಗೆ ಅಪ್ಪಳಿಸುವ ಗಾಳಿಯು ಭೂಮಧ್ಯರೇಖೆಯ ಆಚೆಯ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿ, ಆಫ್ರಿಕದ ಪೂರ್ವತೀರದ ಬಳಿ ತಿರುಗಿ, ಅರಬ್ಬೀ ಸಮುದ್ರವನ್ನು ಹಾದು ಬಂದುದು. ಕೋಟಿತೀರ್ಥದ ಸುತ್ತ ಭಕ್ತರು ಸುತ್ತಕ್ಕಿ ಚೆಲ್ಲುವ ಕೊಡಿಹಬ್ಬದ ಹೊತ್ತಿಗೆ, ಎಂದರೆ ವೃಶ್ಚಿಕಮಾಸದಲ್ಲಿ, ಅದು ಪೂರಾ ತಿರುಗಿರುತ್ತದೆ. ಆಗ ಘಟ್ಟದ ಮೇಲಿನ, ಅದಕ್ಕೂ ಆಚೆಯ ಗಂಗಾ ಬಯಲಿನ ಹೊಗೆಯು ಕಡಲಿಗೆ ಇಳಿಯುತ್ತದೆ. 1999ರ ಜನವರಿಯಿಂದ ಮಾರ್ಚಿಯವರೆಗೆ ಇಂಡೋಎಕ್ಸ್ ಎಂಬ ಹೆಸರಿನಲ್ಲಿ ಅನೇಕ ದೇಶಗಳ ಶಾಸ್ತ್ರಜ್ಞರು ಹಡಗು ವಿಮಾನಗಳಲ್ಲಿ ಹಿಂದೂ ಮಹಾಸಾಗರದ ಮೇಲೆ ಸಂಚರಿಸಿದಾಗ, ಚಳಿಗಾಲದ ಈ ಕಂದು ಮಬ್ಬು ಭೂಮಧ್ಯರೇಖೆಯ ಹತ್ತಿರದವರೆಗೂ ಹರಡಿದ್ದುದನ್ನು ಕಂಡರು.

ಇದೇ ಕರಾವಳಿಯಲ್ಲಿ, ಕಾರವಾರವನ್ನು ದಾಟಿ ಗೋವೆಯ ಕಾಣಕೋಣ ತಾಲೂಕಿಗೆ ಹೋದರೆ, ಪೋರ್ಚುಗೀಸರು ಕಾಬೊ ದ ರಾಮವೆಂದು ಕರೆದ ಬಂಡೆಯ ಭೂಶಿರವೊಂದಿದೆ. 1993ರಿಂದ 2002ರವರೆಗೆ ಅಲ್ಲಿ ಕಡಲ ಗಾಳಿಯನ್ನು ಕುಪ್ಪಿಗಳಲ್ಲಿ ತುಂಬಲಾಗುತ್ತಿತ್ತು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, ಅಹಮದಾಬಾದಿನ ಭೌತ ಸಂಶೋಧನಾಲಯ, ಆಸ್ಟ್ರೇಲಿಯದ ಸಿ.ಎಸ್.ಐ.ಆರ್.ಒ. ಸಂಸ್ಥೆಗಳವರು ಕೂಡಿ ಮಾಡಿದ ಕಾರ್ಯವದು. ಕುಪ್ಪಿಗಳು ಮೆಲ್ಬೋರ್ನಿನ ಬಳಿಯ ಆಸ್ಪೆಂಡೇಲಿನ ಪ್ರಯೋಗಶಾಲೆಗೆ ಹೋಗುತ್ತಿದ್ದುವು. ಎಸ್. ಕೆ. ಭಟ್ಟಾಚಾರ್ಯ ಮೊದಲಾದವರು 2009ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇದರ ಫಲಿತಾಂಶವನ್ನು ಪ್ರಕಟಿಸಿದರು. ಮೀನುಗಾರರು ಬಲ್ಲ ಗಾಳಿಯ ಎರಡು ಮುಖಗಳೇ ಅಲ್ಲಿಯ ಅಂಕಿಗಳಲ್ಲಿಯೂ ಕಂಡುವು: ಮಳೆಗಾಲದ ಗಾಳಿಯಲ್ಲಿ ಮೀಥೇನು ಕಡಮೆ, ಚಳಿಗಾಲದ ನೆಲಗಾಳಿಯಲ್ಲಿ ಅದು ಬಹಳ ಹೆಚ್ಚು.

ಇಷ್ಟು ವಿಷಯವಾಯಿತು. ಇನ್ನು ವಿಚಾರ.

ಹಿನ್ನೆಲೆಯ ಗಾಳಿಯನ್ನು ಅಳೆಯುವವನು ತನಗೆ ಬಂದ ಎಲ್ಲ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟಾಸ್ಮೇನಿಯ ದ್ವೀಪದ ವಾಯವ್ಯ ಮೂಲೆಯಲ್ಲಿ ಕೇಪ್ ಗ್ರಿಮ್ ಎಂಬ ಠಾಣ್ಯವು 1976ರಿಂದಲೂ ನಡೆಯುತ್ತಿದೆ. ಅಲ್ಲಿ ಉತ್ತರದಿಂದ ಅಂಶ ಎಣಿಸಿದರೆ 190ಕ್ಕೂ 280ಕ್ಕೂ ನಡುವೆ, ಎಂದರೆ ದಕ್ಷಿಣ ಸಾಗರದ ಕಡೆಯಿಂದ, ಬೀಸಿದ ಗಾಳಿಯನ್ನು ಮಾತ್ರ ಹಿನ್ನೆಲೆಯದೆಂದು ಎಣಿಸುತ್ತಾರೆ; ಉತ್ತರದ ಮೆಲ್ಬೋರ್ನ್ ನಗರದ ಕಡೆಯಿಂದ ಬಂದುದನ್ನು ಬೇರೆ ಇಡುತ್ತಾರೆ. ಇಲ್ಲಿ ಪೂರ್ವಪಕ್ಷಿಯು ಎದ್ದು ಕೇಳುತ್ತಾನೆ: ತನಗೆ ಬೇಕಾದ ಸಾಕ್ಷಿಯನ್ನು ಮಾತ್ರ ಕರೆದು ಬೇಡದವನನ್ನು ಹೊರಗಟ್ಟುವ ನ್ಯಾಯಾಧಿಪತಿಯು ತಟಸ್ಥನೆಂತು? ಹಿತವಾದ ಅಂಕಿಯನ್ನು ಆಯ್ದು ಅಹಿತವಾದುದನ್ನು ಬಿಡುವುದಕ್ಕೂ ಇದಕ್ಕೂ ಭೇದವೇನು?

ಆಕ್ಷೇಪವು ಹಗುರವಾದುದಲ್ಲ; ಇದಕ್ಕೆ ಸಮಾಧಾನವಿಲ್ಲದಿದ್ದರೆ ಇಡೀ ಕಾರ್ಯವೇ ಬೀಳುತ್ತದೆ. ನೈಯಾಯಿಕರು ಉಪಾಧಿಯೆಂಬುದನ್ನು ಹೇಳುತ್ತಾರೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದು ಸಾಧಿಸಹೊರಟವನಿಗೆ ಹಸಿಯ ಸೌದೆಯು ಉಪಾಧಿ. ಹೊಗೆಯು ಬೆಂಕಿಯ ಮಾತ್ರದಿಂದ ಬಂದುದಲ್ಲ, ಹಸಿಯ ಸೌದೆಯ ಕೂಟದಿಂದ ಬಂದುದು. ಉಪಾಧಿಯನ್ನು ಬೇರ್ಪಡಿಸದೆ ಮಾಡಿದ ಅನುಮಾನವು ದುಷ್ಟವಾಗುತ್ತದೆ. ಹಾಗೆಯೇ ಠಾಣ್ಯದ ಬೆನ್ನ ಹಿಂದಿನ ಊರಿನ ಹೊಗೆಯನ್ನು ಬೇರ್ಪಡಿಸದೆ ಭೂಮಂಡಲದ ಗಾಳಿಯನ್ನು ಕುರಿತು ಮಾಡುವ ಅನುಮಾನವು ದುಷ್ಟವೇ ಸರಿ. ಆದರೆ ಬೇರ್ಪಡಿಸುವ ಕ್ರಮದಲ್ಲಿ ಧರ್ಮಾಧರ್ಮಗಳಿವೆ. ಅಂಕಿಯನ್ನು ನೋಡಿದ ಮೇಲೆ ಇದು ಬೇಕು, ಇದು ಬೇಡವೆಂದರೆ ಅದು ಮೋಸ. ಗಾಳಿಯ ದಿಕ್ಕು, ಬಲ, ಅದರಲ್ಲಿನ ಧೂಳಿನ ಕಣಗಳ ಎಣಿಕೆ ಇವುಗಳಿಂದ ಮೊದಲೇ ನಿಯಮವನ್ನು ಗೊತ್ತುಮಾಡಿ, ಅಂಕಿಯು ಹೆಚ್ಚಾಗಲಿ ಕಡಮೆಯಾಗಲಿ ಅದಕ್ಕೆ ತಲೆಬಾಗಿದರೆ ಅದು ನ್ಯಾಯ. ಬಿಟ್ಟುದನ್ನು ಅಳಿಸಿಹಾಕದೆ, ಬಿಟ್ಟುದೆಂಬ ಗುರುತಿನೊಡನೆ ಕಾದಿಡುವುದೂ ಆ ನ್ಯಾಯದಲ್ಲಿಯೇ ಸೇರಿದೆ.

ಬಿಟ್ಟ ಗಾಳಿಯು ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಈಚಿನ ಒಂದು ವೃತ್ತಾಂತವಿದೆ. ಸಿ.ಎಫ್.ಸಿ. 11 ಎಂಬ ಕೃತಕ ಅನಿಲವು ಮೇಲಿನ ಓಜೋನ್ ಪದರವನ್ನು ತಿನ್ನುವಂತಹುದು, ತಾಪವನ್ನೂ ತಡೆಯುವಂತಹುದು. ಮಾಂಟ್ರಿಯಲ್ ಒಪ್ಪಂದದ ಮೇರೆಗೆ 2010ರ ಹೊತ್ತಿಗೆ ಅದರ ಉತ್ಪಾದನೆಯು ಎಲ್ಲೆಡೆಯೂ ನಿಲ್ಲಬೇಕಾಗಿತ್ತು. ನಿಂತಿದೆಯೆಂದೇ ಕಾಗದಪತ್ರಗಳು ಹೇಳುತ್ತಿದ್ದುವು. ಆದರೆ ದೂರದ ಠಾಣ್ಯಗಳ ಹಿನ್ನೆಲೆಯ ಗಾಳಿಯಲ್ಲಿ ಅದು ಇಳಿಯಬೇಕಾದ ವೇಗದಲ್ಲಿ ಇಳಿಯುತ್ತಿಲ್ಲವೆಂದು 2018ರಲ್ಲಿ ಪ್ರಕಟವಾಯಿತು. ಎಲ್ಲಿಯೋ ಯಾರೋ ಕದ್ದು ಮಾಡುತ್ತಿದ್ದಾರೆ. ಎಲ್ಲಿಯೆಂದು ಹೇಳಲು ಹಿನ್ನೆಲೆಗೆ ಬಾಯಿಲ್ಲ. ಆಗ ಕೊರಿಯದ ಜೇಜು ದ್ವೀಪದ ಗೋಸಾನ್, ಜಪಾನಿನ ಹಟೆರುಮ ಎಂಬ ಎರಡು ಕಡಲತೀರದ ಠಾಣ್ಯಗಳಲ್ಲಿ ನೆಲದ ಕಡೆಯಿಂದ ಬೀಸಿದ ಗಾಳಿಯ ಲೆಕ್ಕವನ್ನು ತೆಗೆದು ನೋಡಲಾಗಿ, ಹೆಚ್ಚಳದ ಬಹುಭಾಗವು ಪೂರ್ವ ಚೀನದಿಂದ ಬಂದುದೆಂದು 2019ರಲ್ಲಿ ತಿಳಿಯಿತು. ತರುವಾಯ ಆ ಪ್ರಮಾಣವು ಮತ್ತೆ ಇಳಿಯಿತು. ಒಂದು ಕಳವನ್ನು ಹಿನ್ನೆಲೆಯ ಗಾಳಿಯು ಉಂಟೆಂದು ಹೇಳಿತು. ಬೇರೆ ಇಟ್ಟ ಗಾಳಿಯು ಎಲ್ಲಿಯೆಂದು ಹೇಳಿತು. ಎರಡರಲ್ಲಿ ಒಂದನ್ನು ಎಸೆದಿದ್ದರೂ ಕಳವು ಸಾಗುತ್ತಲೇ ಇರುತ್ತಿತ್ತು.

ಅಳೆಯುವವನ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಮನುಷ್ಯನು ಬಿಡುವ ಉಸಿರಿನಲ್ಲಿ ನೂರಕ್ಕೆ ಸುಮಾರು 4 ಪಾಲು ಇಂಗಾಲದ ಡೈಆಕ್ಸೈಡು. ಹೊರಗಿನ ಗಾಳಿಯಲ್ಲಿರುವುದು ಹತ್ತು ಲಕ್ಷಕ್ಕೆ ನಾನೂರು ಚಿಲ್ಲರೆ ಪಾಲು, ಎಂದರೆ ನೂರನೆಯ ಒಂದಂಶ. ಕುಪ್ಪಿಯ ಬಳಿ ಒಂದು ನಿಶ್ವಾಸವನ್ನು ಬಿಟ್ಟರೆ ಅಷ್ಟು ದೂರದಿಂದ ಬಂದ ಗಾಳಿಯ ಸಾಕ್ಷ್ಯವು ಕೆಟ್ಟುಹೋಯಿತು. ಆದಕಾರಣ ಕುಪ್ಪಿ ತುಂಬುವವನು ಗಾಳಿಗೆ ಎದುರಾಗಿ ನಡೆದು, ದೀರ್ಘವಾಗಿ ಉಸಿರೆಳೆದು, ಕುಂಭಕದಲ್ಲಿ ನಿಂತವನಂತೆ ಅದನ್ನು ಕಟ್ಟಿ, ಬಿರಡೆಯನ್ನು ತಿರುಗಿಸಿ, ಹಿಂದಕ್ಕೆ ಸರಿದ ಮೇಲೆ ಉಸಿರು ಬಿಡುತ್ತಾನೆ. ಸಂಧ್ಯಾವಂದನೆಯಲ್ಲಿ ಮೂಗು ಹಿಡಿಯುವ ವಟುಗಳಲ್ಲಿ ಎಷ್ಟು ಮಂದಿ ಇಷ್ಟು ಏಕಾಗ್ರತೆಯಿಂದ ಅದನ್ನು ಮಾಡುವರೋ ಹೇಳುವುದು ಕಷ್ಟ. ಅಳೆಯುವವನು ಅಳತೆಯ ಹೊರಗಿಲ್ಲ, ಅವನೂ ಉಸಿರಾಡುವ ಪ್ರಾಣಿಯೇ. ತನ್ನ ಪಾಲು ಅಳತೆಗೆ ಸೇರದಂತೆ ಎಚ್ಚರದಿಂದ ತಡೆಯುವುದರಲ್ಲಿಯೇ ಅವನ ತಾಟಸ್ಥ್ಯವಿದೆ. ತಾನು ಸ್ವಭಾವತಃ ಪಕ್ಷಪಾತಿಯಲ್ಲವೆಂದು ನಂಬಿದವನಿಗಿಂತ, ತನ್ನ ಉಸಿರೂ ಕಲಬೆರಕೆಯೆಂದು ತಿಳಿದು ಅದನ್ನು ಕಟ್ಟಿದವನೇ ಮೇಲು.

ಹಾಗಾದರೆ ಇಷ್ಟು ಎಚ್ಚರದಿಂದ ಹಿಡಿದ ಗಾಳಿಯು ಶುದ್ಧವಾದುದೆ? ಇಲ್ಲಿಯೇ ಬಹುಜನರು ಎಡವುವುದು. ಮಡಿಯುಟ್ಟವನು ಯಾರನ್ನೂ ಮುಟ್ಟದೆ ಬಂದುದರಿಂದ ಮಡಿಯಾಗಿಯೇ ಇರುತ್ತಾನೆ. ಗಾಳಿಗೆ ಆ ಸೌಕರ್ಯವಿಲ್ಲ. ಹಿನ್ನೆಲೆಯೆಂದರೆ ನಿರ್ಮಲವೆಂದಲ್ಲ, ಎಲ್ಲರ ಮಲಿನವೂ ಸಮನಾಗಿ ಹರಡಿದ ಸ್ಥಿತಿಯೆಂದಷ್ಟೇ. ಯಂತ್ರಯುಗಕ್ಕೆ ಮುಂಚೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಹತ್ತು ಲಕ್ಷಕ್ಕೆ ಸುಮಾರು 280 ಪಾಲಿತ್ತೆಂಬುದನ್ನು ಧ್ರುವದ ಹಿಮದಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಹೇಳುತ್ತವೆ. ಆ ಗುಳ್ಳೆಗಳ ಚರಿತ್ರೆಯು 8 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ, ಅಷ್ಟು ಕಾಲದಲ್ಲಿಯೂ ಅದು ಸುಮಾರು 300ನ್ನು ಮೀರಲಿಲ್ಲ. ಚಾರ್ಲ್ಸ್ ಕೀಲಿಂಗ್ ಎಂಬಾತನು 1958ರ ಮಾರ್ಚಿಯಲ್ಲಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯತೊಡಗಿದಾಗ 313 ಇತ್ತು. ಅಲ್ಲಿಯ ವಾರ್ಷಿಕ ಸರಾಸರಿಯು 1993ರಲ್ಲಿ 357, 2002ರಲ್ಲಿ 373, 2024ರಲ್ಲಿ 424ಕ್ಕೂ ಮೇಲು. ಆಷಾಢದ ಕಡಲಗಾಳಿಗೆ ಎದೆಯೊಡ್ಡಿ, ಇದಕ್ಕಿಂತ ಶುದ್ಧವಾದುದಿಲ್ಲವೆಂದು ಕೋಡಿಯ ದೀಪಸ್ತಂಭದ ಬಳಿ ನಿಂತವನು ಅಂದುಕೊಂಡರೆ ತಪ್ಪಿಲ್ಲ. ಆದರೆ ಅವನ ಅಜ್ಜನು ಸೇದಿದ ಗಾಳಿ ಅದಲ್ಲ. ವೈಶೇಷಿಕರು ವಾಯುವಿಗೆ ರೂಪವಿಲ್ಲ, ಸ್ಪರ್ಶವೊಂದೇ ಉಂಟೆಂದರು. ಸ್ಪರ್ಶದಿಂದ ವಾಯುವು ಪ್ರತ್ಯಕ್ಷವೋ ಅನುಮೇಯವೋ ಎಂದು ಪ್ರಾಚೀನರಿಗೂ ನವ್ಯರಿಗೂ ವಾದವಿತ್ತು. ಈ ಹೆಚ್ಚಳಕ್ಕಾದರೋ ರೂಪವೂ ಇಲ್ಲ, ಗಂಧವೂ ಇಲ್ಲ, ಸ್ಪರ್ಶವೂ ಇಲ್ಲ. ಅಳತೆಯಿಂದಲ್ಲದೆ ಬೇರೆ ಯಾವುದರಿಂದಲೂ ಅದು ಗೋಚರವಾಗದು.

ಈಗ ಮುಖ್ಯ ಪ್ರಶ್ನೆಗೆ ಬರತಕ್ಕದ್ದು. ಎಲ್ಲರ ಹೊಗೆಯೂ ಕಲಸಿ ಒಂದಾಗಿದೆಯೆಂದ ಮೇಲೆ ಎಲ್ಲರೂ ಸಮಾನ ಅಪರಾಧಿಗಳೆ? ಕೊಳವನ್ನು ಹಾಲಿನಿಂದ ತುಂಬಿಸಿರೆಂದು ದೊರೆಯು ಆಜ್ಞೆಮಾಡಲು, ತನ್ನೊಂದು ತಂಬಿಗೆ ನೀರು ಯಾರಿಗೆ ತಿಳಿದೀತೆಂದು ಪ್ರತಿಯೊಬ್ಬನೂ ನೀರನ್ನೇ ಸುರಿದ ಕಥೆಯು ಎಲ್ಲರಿಗೂ ಗೊತ್ತು. ಆ ಕಥೆಯಲ್ಲಿ ಎಲ್ಲರ ತಂಬಿಗೆಯೂ ಒಂದೇ ಗಾತ್ರದ್ದೆಂದು ಹೇಳುವವರು ಊಹಿಸಿಕೊಂಡಿರುತ್ತಾರೆ. ಲೋಕದಲ್ಲಿ ಹಾಗಿಲ್ಲ. ಒಬ್ಬ ಭಾರತೀಯನ ಪಾಲಿಗೆ ಬೀಳುವ ಇಂಗಾಲದ ಡೈಆಕ್ಸೈಡು ವರ್ಷಕ್ಕೆ ಸುಮಾರು 2 ಟನ್ನು. ಅಮೆರಿಕದವನದು ಅದರ ಆರೇಳು ಪಟ್ಟು. ಭಾರತದೊಳಗೂ ತಂಬಿಗೆಗಳು ಸಮವಲ್ಲ. ಎಲ್ಲೂರಿನಲ್ಲಿ ಕಲ್ಲಿದ್ದಲಿನಿಂದ ನಡೆಯುವ 1200 ಮೆಗಾವಾಟಿನ ವಿದ್ಯುತ್ ಸ್ಥಾವರದ ಬೆಳಕು ಯಾರ ಮನೆಯಲ್ಲಿ ಎಷ್ಟು ಉರಿಯುತ್ತದೆಯೆಂಬುದು ಕುಪ್ಪಿಯಲ್ಲಿ ಕಾಣದು. ಗಾಳಿಯ ಅಣುಗಳು ಕೆಲಮಟ್ಟಿಗೆ ತಮ್ಮ ಗೋತ್ರವನ್ನು ಹೇಳುತ್ತವೆ. ಬಹುಕಾಲ ಭೂಗರ್ಭದಲ್ಲಿದ್ದ ಕಲ್ಲಿದ್ದಲು ಎಣ್ಣೆಗಳ ಇಂಗಾಲದಲ್ಲಿ 14 ತೂಕದ ಇಂಗಾಲವು ಉಳಿದಿರುವುದಿಲ್ಲವಾದುದರಿಂದ, ಹೆಚ್ಚಳವು ಅಲ್ಲಿಂದ ಬಂದುದೆಂದು ತಿಳಿಯುತ್ತದೆ. ಆದರೆ ಗೋತ್ರವನ್ನು ಹೇಳುತ್ತವೆಯೇ ಹೊರತು ಹೆಸರನ್ನು ಹೇಳುವುದಿಲ್ಲ.

ಈ ಮೌನದಲ್ಲಿ ಅನ್ಯಾಯಕ್ಕೆ ಎಡೆಯಿದೆ, ಮತ್ತು ಅನ್ಯಾಯವು ನಡೆದೂ ಇದೆ. 1990ರ ಸುಮಾರಿಗೆ ಭಾರತದ ಗದ್ದೆಗಳಿಂದ ವರ್ಷಕ್ಕೆ 3.5 ಕೋಟಿ ಟನ್ನಿಗೂ ಮಿಕ್ಕಿ ಮೀಥೇನು ಏಳುತ್ತದೆಂದು ಅಮೆರಿಕದ ಪರಿಸರ ಇಲಾಖೆಯು ಲೆಕ್ಕಹಾಕಿತು. ನೀರು ನಿಂತ ಗದ್ದೆಯ ಕೆಸರಿನಿಂದ ಮೀಥೇನು ಏಳುವುದು ನಿಜ. ಆದರೆ ಆ ಲೆಕ್ಕಕ್ಕೆ ಆಧಾರವು ಪರದೇಶದ ಗದ್ದೆಗಳ ಅಳತೆಯಾಗಿತ್ತು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರರ ನೇತೃತ್ವದಲ್ಲಿ ಭಾರತದ ಗದ್ದೆಗಳಲ್ಲಿಯೇ ಅಳೆದು ನೋಡಲಾಗಿ ಅದು ಸುಮಾರು 40 ಲಕ್ಷ ಟನ್ನೆಂದು ಕಂಡಿತು. ಒಂಬತ್ತು ಪಾಲು ಸುಳ್ಳಾದ ಆರೋಪವನ್ನು, ಅದನ್ನು ಕೇಳಿಯೂ ಅರಿಯದ ರೈತನ ತಲೆಯ ಮೇಲೆ ಹೊರಿಸಲಾಗಿತ್ತು. ಅದೇ 1991ರಲ್ಲಿ ಅನಿಲ್ ಅಗರ್ವಾಲ್, ಸುನೀತಾ ನಾರಾಯಣ್ ಇವರೂ ದೆಹಲಿಯಿಂದ ಒಂದು ಪುಸ್ತಕವನ್ನು ಹೊರಡಿಸಿ, ಉಣ್ಣುವುದಕ್ಕಾಗಿ ಬೆಳೆಯುವವನ ಗದ್ದೆಯ ಅನಿಲವನ್ನೂ ಭೋಗಕ್ಕಾಗಿ ಓಡಿಸುವವನ ಮೋಟಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದೆಂದು ವಾದಿಸಿದರು. ವಾದವು ಸರಿಯಾದುದೇ. ಜೀವನಾರ್ಥವಾಗಿ ಉಂಟಾಗುವ ಹಿಂಸೆಯನ್ನೂ ವಿನೋದಾರ್ಥವಾದ ಹಿಂಸೆಯನ್ನೂ ಧರ್ಮಶಾಸ್ತ್ರವು ಎಂದೂ ಸಮನಾಗಿ ಕಾಣಲಿಲ್ಲ.

ಆದರೂ ಈ ವಾದವನ್ನು ಹಿಡಿದು ಕೆಲವರು ಬೇರೆ ದಾರಿಗೆ ಹೋಗುತ್ತಾರೆ. ಪಾಲು ಇತ್ಯರ್ಥವಾಗುವವರೆಗೆ ಮೊತ್ತದ ಮಾತು ಬೇಡವೆನ್ನುತ್ತಾರೆ. ಅವಿಭಕ್ತ ಕುಟುಂಬದ ಸಾಲವನ್ನು ಅಣ್ಣ ಮಾಡಿದನೋ ತಮ್ಮ ಮಾಡಿದನೋ ಎಂದು ವ್ಯಾಜ್ಯವಾಡುತ್ತಿರುವಾಗ ಬಡ್ಡಿಯು ನಿಲ್ಲುವುದಿಲ್ಲವೆಂಬುದನ್ನು ಕುಂದಾಪುರದ ನ್ಯಾಯಸ್ಥಾನದ ಮೆಟ್ಟಲನ್ನು ಹತ್ತಿದ ಮನೆತನಗಳು ಚೆನ್ನಾಗಿ ಬಲ್ಲವು. ಮೊತ್ತವನ್ನು ತೋರಿಸಿ ಪಾಲುಗಳನ್ನು ಮರೆಸುವುದು ಬಲಿಷ್ಠನ ಕಪಟ. ಪಾಲುಗಳನ್ನು ತೋರಿಸಿ ಮೊತ್ತವನ್ನು ಮರೆಸುವುದು ದುರ್ಬಲನ ಆತ್ಮವಂಚನೆ. ಎರಡರಲ್ಲಿ ಮೊದಲನೆಯದು ಹೆಚ್ಚು ನೀಚವಾದುದು, ಎರಡನೆಯದು ಹೆಚ್ಚು ಅಪಾಯಕರವಾದುದು. ಏಕೆಂದರೆ ಏರುವ ತಾಪಕ್ಕೂ ಉಕ್ಕುವ ಕಡಲಿಗೂ ಮೊದಲು ಸಿಕ್ಕುವವನು ದುರ್ಬಲನೇ, ಅದರಲ್ಲಿಯೂ ಮರಳಿನ ಮೇಲೆ ಮನೆ ಕಟ್ಟಿಕೊಂಡ ಕರಾವಳಿಯವನು.

ಇನ್ನು ಅಳೆಯುವವನಿಗೆ ದೊರೆಯುವ ಫಲವೇನು? ಈ ಪ್ರಶ್ನೆಗೆ ಗೀತೆಯ ನಿಷ್ಕಾಮಕರ್ಮವನ್ನು ತಂದಿಡುವುದು ಸುಲಭ. ಉಪನ್ಯಾಸಕರು ಹಾಗೆಯೇ ಮಾಡುವರು. ಆದರೆ ಕುಪ್ಪಿ ತುಂಬುವವನು ನಿಷ್ಕಾಮಿಯಲ್ಲ. ಅವನಿಗೆ ಬಲವಾದೊಂದು ಕಾಮನೆಯಿದೆ, ಸಾಲು ಮುರಿಯಬಾರದೆಂಬುದು. ಇತರ ವಸ್ತುಗಳನ್ನು ಇಂದು ಅಳೆಯದಿದ್ದರೆ ನಾಳೆ ಅಳೆಯಬಹುದು. ಇಂದಿನ ಗಾಳಿಯು ನಾಳೆ ಇಲ್ಲ. ಕೀಲಿಂಗನ ಸಾಲು 1964ರಲ್ಲಿ ಹಣವಿಲ್ಲದೆ ಕೆಲವು ತಿಂಗಳು ಮುರಿಯಿತು. 2022ರ ನವೆಂಬರಿನಲ್ಲಿ ಮೌನಾ ಲೋವಾ ಅಗ್ನಿಪರ್ವತವು ಉಕ್ಕಿ ದಾರಿಯನ್ನೂ ವಿದ್ಯುತ್ತನ್ನೂ ಕಡಿದಾಗ ನೆರೆಯ ಮೌನಾ ಕೀ ಪರ್ವತಕ್ಕೆ ಉಪಕರಣವನ್ನು ಸಾಗಿಸಿ ಅಳತೆಯನ್ನು ಮುಂದುವರಿಸಿದರು. ರಾಮನ ಭೂಶಿರದ ಸಾಲು 2002ರಲ್ಲಿ ನಿಂತುಹೋಯಿತು. ಕೆಲವು ವರ್ಷಗಳ ತೆರಪಿನ ತರುವಾಯ ಮತ್ತೆ ಕುಪ್ಪಿ ತುಂಬಿದರೂ ತೆರಪು ತೆರಪಾಗಿಯೇ ಉಳಿಯಿತು. ಆ ವರ್ಷಗಳ ಆಷಾಢದ ಗಾಳಿಯು ಇದೇ ಕಡಲತಡಿಯ ತೆಂಗುಗಳನ್ನು ಅಲುಗಿಸಿ ಘಟ್ಟವನ್ನು ಏರಿಹೋಯಿತು. ಈಗ ಅದನ್ನು ಯಾವ ಧನದಿಂದಲೂ ಮರಳಿ ಕರೆಯುವಂತಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರೂ ಫ್ರಾನ್ಸಿನವರೂ ಕೂಡಿ ಲಡಾಖಿನ ಹಾನ್ಲೆಯಲ್ಲಿಯೂ, ಪಾಂಡಿಚೇರಿ ಪೋರ್ಟ್ ಬ್ಲೇರುಗಳ ಕಡಲತೀರದಲ್ಲಿಯೂ ಹಿಡಿದ ಗಾಳಿಯು ಆ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ಆದರೆ ಪಾಂಡಿಚೇರಿಯು ಪೂರ್ವ ತೀರ. ಮಳೆಗಾಲದಲ್ಲಿ ಅಲ್ಲಿಗೆ ಬರುವ ಗಾಳಿಯು ನೆಲವನ್ನು ದಾಟಿ ಬಂದುದು.

ಕೇಪ್ ಗ್ರಿಮ್ಮಿನವರು ಇದಕ್ಕಿಂತಲೂ ಮುಂದೆ ಹೋಗಿದ್ದಾರೆ. 1978ರಿಂದ ಅವರು ವರ್ಷಕ್ಕೆ ಕೆಲವು ಬಾರಿ ಉಕ್ಕಿನ ಪಾತ್ರೆಗಳಲ್ಲಿ ಶುಭ್ರವಾದ ಸಾಗರದ ಗಾಳಿಯನ್ನು ತುಂಬಿ, ಅಳೆಯುವುದಕ್ಕಲ್ಲ, ಇಡುವುದಕ್ಕೆ ಇಡುತ್ತಿದ್ದಾರೆ. ಆಗ ಯಾರೂ ಅಳೆಯಲು ಅರಿಯದಿದ್ದ ಅನಿಲಗಳನ್ನು, ಉಪಕರಣವು ಹುಟ್ಟಿದ ಮೇಲೆ, ಆ ಹಳೆಯ ಪಾತ್ರೆಗಳನ್ನು ತೆರೆದು ಅಳೆದಿದ್ದಾರೆ. ಹುಟ್ಟದಿರುವ ಪ್ರಶ್ನೆಗೆ ಉತ್ತರವನ್ನು ಕಾದಿಡುವ ಈ ಕೆಲಸಕ್ಕೆ ಸರಿದೊರೆಯಾದುದನ್ನು ಈ ಸೀಮೆಯಲ್ಲಿ ಹುಡುಕಿದರೆ, ತನಗೆ ಓದಲು ಬಾರದ ಗ್ರಂಥವನ್ನೂ ತಾಳೆಗರಿಯ ಮೇಲೆ ಅಕ್ಷರ ತಪ್ಪದೆ ಪ್ರತಿಮಾಡಿ ಅಟ್ಟದ ಮೇಲಿಟ್ಟ ಲಿಪಿಕಾರನು ಸಿಕ್ಕುತ್ತಾನೆ.

ಕೋಟೇಶ್ವರದ ಕೋಡಿಯಲ್ಲಿ ಇಂಥದೊಂದು ಠಾಣ್ಯವನ್ನಿಡಬಾರದೆ ಎಂದು ಕೇಳುವ ಉತ್ಸಾಹಿಗಳಿರಬಹುದು. ಕೋಡಿಯು ಅದಕ್ಕೆ ತಕ್ಕ ಸ್ಥಳವಲ್ಲ. ಅದು ತಗ್ಗಾದ ಮರಳು. ಬದಿಯಲ್ಲಿ ಪಂಚಗಂಗಾವಳಿಯ ಅಳಿವೆ, ಅದರ ಕೆಸರು ತಾನೇ ಮೀಥೇನನ್ನು ಬಿಡುವಂತಹುದು. ಯಂತ್ರದ ದೋಣಿಗಳ ಹೊಗೆ, ಸಂಜೆಯ ಜನಸಂದಣಿ, ಹಿಂದುಗಡೆ ಹೆದ್ದಾರಿ. ಠಾಣ್ಯಕ್ಕೆ ಕಡಲಿಗೆ ಚಾಚಿದ ಎತ್ತರದ ಬಂಡೆ ಬೇಕು, ಊರು ಬೆನ್ನಿಗೆ ದೂರವಿರಬೇಕು. ಮತ್ತು ಮೂವತ್ತು ವರ್ಷ ತಪ್ಪದೆ, ಸೋನೆಮಳೆಯಲ್ಲಿಯೂ, ಹದಿನೈದು ದಿನಕ್ಕೊಮ್ಮೆ ಹೋಗಿ ಉಸಿರು ಕಟ್ಟಿ ಕುಪ್ಪಿ ತುಂಬುವವನೊಬ್ಬನು ಬೇಕು. ಬಂಡೆಯು ಈ ಕರಾವಳಿಯಲ್ಲಿ ಸಿಕ್ಕೀತು.